ಸೀರೆಯ ಹೆಸರಿಗೂ ಒಬ್ಬ ವಕೀಲ ಬೇಕು

ಸುವರ್ಣ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ಶಿಕ್ಷಣವನ್ನು ಕುರಿತು ಲೇಖನವೊಂದನ್ನು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಆ ವಿಷಯಕ್ಕೆ ಲೇಖಕರು ಅನೇಕರಿದ್ದಾರೆ. ನಮ್ಮ ಮಕ್ಕಳು ಹಿಡಿಯಬಹುದಾದ, ಆದರೆ ಈ ಭಾಗದಲ್ಲಿ ಹೆಚ್ಚಾಗಿ ಯಾರೂ ಯೋಚಿಸದ ವೃತ್ತಿಯೊಂದರ ಬಗ್ಗೆ ಹೇಳಬಯಸುತ್ತೇನೆ. ಅದು ಬೌದ್ಧಿಕ ಸ್ವತ್ತಿನ ವಕೀಲಿ.

ಹೊಲಕ್ಕೆ ಪಹಣಿ ಇರುವಂತೆ ಹೊಸ ಶೋಧಕ್ಕೆ ಪೇಟೆಂಟು, ವ್ಯಾಪಾರದ ಹೆಸರಿಗೆ ಟ್ರೇಡ್ ಮಾರ್ಕು, ಒಂದು ಊರಿನ ಕಸುಬಿಗೆ ಭೌಗೋಳಿಕ ಸೂಚಕ. ಈ ಕೊನೆಯದರ ಕಾಯಿದೆ 1999ರಲ್ಲಿ ಆಯಿತು. 2003ರ ಸೆಪ್ಟೆಂಬರ್ 15ರಿಂದ ಜಾರಿಗೆ ಬಂತು. ಗದ್ವಾಲ ಸೀರೆಯೂ ನಾರಾಯಣಪೇಟೆಯ ಕೈಮಗ್ಗದ ಸೀರೆಯೂ ಚೆನ್ನೈಯ ನೋಂದಣಿ ಕಚೇರಿಯ ದಫ್ತರಿನಲ್ಲಿ ದಾಖಲಾಗಿವೆ. ಹೆಮ್ಮೆಯ ಸಂಗತಿಯೇ. ಆದರೆ ದಫ್ತರಿನಲ್ಲಿ ಹೆಸರಿದ್ದ ಮಾತ್ರಕ್ಕೆ ನೇಕಾರನ ಮನೆಯ ಒಲೆ ಉರಿಯುವುದಿಲ್ಲ.

ದೊಡ್ಡ ಪೇಟೆಯೊಂದರ ಅಂಗಡಿಯಲ್ಲಿ ಯಂತ್ರಮಗ್ಗದ ಬಟ್ಟೆಯನ್ನು ‘ಗದ್ವಾಲ’ ಎಂದು ಮಾರುತ್ತಿದ್ದುದನ್ನು ಕಂಡು ನಾನು ಆಕ್ಷೇಪಿಸಿದೆ. “ಹೆಸರು ಯಾರಪ್ಪನ ಆಸ್ತಿ, ಮಾಸ್ತರರೇ?” ಎಂದು ಅಂಗಡಿಯವರು ನಕ್ಕರು. ಕಾನೂನಿನಲ್ಲಿ ಉತ್ತರವಿದೆ. ಈ ಹೆಸರನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ. ಅದು ಆ ನೆಲದ ಉತ್ಪಾದಕರ ಸಮೂಹಕ್ಕೆ ಸೇರಿದ್ದು. ಸುಳ್ಳಾಗಿ ಬಳಸಿದವರಿಗೆ 6 ತಿಂಗಳಿನಿಂದ 3 ವರ್ಷದವರೆಗೆ ಸಜೆ, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ. ಆದರೆ ನೋಟೀಸು ಕೊಡುವವರು ಯಾರು?

ಇಲ್ಲಿಯೇ ವಕೀಲನ ಕೆಲಸ. ಅರ್ಜಿಯಲ್ಲಿ ಊರಿನ ಎಲ್ಲೆಯ ನಕಾಶೆ, ಇತಿಹಾಸದ ಪುರಾವೆ, ನೇಯ್ಗೆಯ ಕ್ರಮ ಎಲ್ಲವೂ ಬೇಕು. ಗದ್ವಾಲದ ಸೀರೆಗೆ ಹತ್ತಿಯ ಒಡಲು, ರೇಷ್ಮೆಯ ದಡಿ ಮತ್ತು ಸೆರಗು. ಒಡಲಿನ ನೂಲನ್ನೂ ದಡಿಯ ನೂಲನ್ನೂ ಮಗ್ಗದ ಮೇಲೆಯೇ ಒಂದರಲ್ಲೊಂದು ಕೊಂಡಿ ಹಾಕಿ ನೇಯುತ್ತಾರೆ. ಇಡೀ ಸೀರೆಯ ಸೊಬಗು ಆ ಕೊಂಡಿಯಲ್ಲಿದೆ. ನೇಕಾರ ಇದನ್ನು ತೆಲುಗಿನಲ್ಲೋ ಕನ್ನಡದಲ್ಲೋ, ಹೆಚ್ಚಾಗಿ ಬೆರಳುಗಳಲ್ಲಿಯೇ ಹೇಳುತ್ತಾನೆ. ಅದನ್ನು ಕಾಯಿದೆಯ ಇಂಗ್ಲಿಷಿಗೆ ಇಳಿಸಬೇಕು. (ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿದ ನನಗೆ ಆ ಇಂಗ್ಲಿಷು ಇಂದಿಗೂ ಕಬ್ಬಿಣದ ಕಡಲೆ.) ಒಂದು ಪದ ಸಡಿಲವಾದರೆ ಎದುರು ಪಕ್ಷದವನು ಅದನ್ನೇ ಹಿಡಿದು ಜಗ್ಗುತ್ತಾನೆ.

ನೋಂದಣಿಯಾದ ಮೇಲೂ ಕೆಲಸ ಮುಗಿಯದು. 10 ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಮುಖ್ಯವಾಗಿ, ಪ್ರತಿಯೊಬ್ಬ ನೇಕಾರನೂ ‘ಅಧಿಕೃತ ಬಳಕೆದಾರ’ನೆಂದು ಹೆಸರು ಬರೆಸಿಕೊಳ್ಳಬೇಕು. ಇದರ ಶುಲ್ಕವನ್ನು 2020ರಲ್ಲಿ 500 ರೂಪಾಯಿಯಿಂದ 10 ರೂಪಾಯಿಗೆ ಇಳಿಸಿದರು. ಹಣದ ಅಡ್ಡಿ ಹೋಯಿತು. ಫಾರಂ ತುಂಬಿಸುವವರ ಅಡ್ಡಿ ಉಳಿಯಿತು. ಖಾಸಗಿ ವಕೀಲರು ಫೀಸು ಕೊಡುವ ಕಂಪನಿಗಳ ಕಡೆಗೆ ಹೋಗುತ್ತಾರೆ. ಅವರಿಗೂ ಸಂಸಾರವಿದೆ, ದೂರಲಾರೆ. ನೇಕಾರರ ಸಹಕಾರಿ ಸಂಘಗಳು ಕೂಡಿ ವರ್ಷಕ್ಕಿಷ್ಟೆಂದು ಒಬ್ಬರನ್ನು ಗೊತ್ತುಮಾಡಿಕೊಂಡರೆ ಹೊರೆ ಹಂಚಿಹೋಗುತ್ತದೆ.

ಆ ಒಬ್ಬರು ನಮ್ಮ ಶಾಲೆಯವರೇ ಏಕಾಗಬಾರದು? 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಆ ಕಡೆಗೆ, ನಾವು ಈ ಕಡೆಗೆ ಆದೆವು. ಆಗಿನಿಂದ ಮಕ್ತಲ್, ಕೃಷ್ಣಾ ಕಡೆಯ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಾಲೇಜಿನಲ್ಲಿ ಇಂಗ್ಲಿಷ್ ಎಂದು ಬೆಳೆದಿದ್ದಾರೆ. ಇದನ್ನು ನಾವು ಕಷ್ಟವೆಂದೇ ಎಣಿಸಿದ್ದೇವೆ. ಈ ವೃತ್ತಿಗೆ ಬೇಕಾದ ಬಂಡವಾಳ ಅದೇ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟು: ಈ ಮಹೋತ್ಸವದ ನಿಧಿಯಲ್ಲಿ ಉಳಿಯುವ ಹಣದಿಂದ ವರ್ಷಕ್ಕೊಬ್ಬ ಕಾನೂನು ವಿದ್ಯಾರ್ಥಿಗೆ ವೇತನ ಕೊಡಿ. ಒಂದೇ ಷರತ್ತು. ಬೇಸಿಗೆ ರಜೆಯಲ್ಲಿ ಗದ್ವಾಲದಲ್ಲಿಯೋ ನಾರಾಯಣಪೇಟೆಯಲ್ಲಿಯೋ ಮಗ್ಗದ ಮನೆಗಳಿಗೆ ಹೋಗಿ, ನೇಕಾರರ ಪಕ್ಕದಲ್ಲಿ ಕುಳಿತು ಆ ಫಾರಂಗಳನ್ನು ತುಂಬಿಕೊಡಬೇಕು.