ಆಮ್ಲಜನಕವೂ ಅಳತೆಯ ಔಷಧಿಯೇ



ಉಮರ್ಗಾ, ನಿಲಂಗಾ, ಉದಗೀರ ಕಡೆಯ ನಮ್ಮ ಕನ್ನಡ ಕೂಲಿ ಕುಟುಂಬಗಳಲ್ಲಿ ಆಮ್ಲಜನಕದ ಬಗ್ಗೆ ಎರಡು ಮಾತು ಕೇಳಿಬರುತ್ತವೆ. "ಮೂಗಿಗೆ ನಳಿಗೆ ಹಾಕಿದರೆಂದರೆ ಮುಗೀತು" ಎಂಬುದು ಒಂದು. "ಪೂರ್ತಿ ಬಿಡ್ರಿ, ಕಂಜೂಸಿ ಮಾಡಬ್ಯಾಡ್ರಿ" ಎಂಬುದು ಇನ್ನೊಂದು. ಮೊದಲನೆಯ ಮಾತಿನಿಂದ ರೋಗಿ ತಡವಾಗಿ ಆಸ್ಪತ್ರೆ ಸೇರುತ್ತಾನೆ. ಎರಡನೆಯದರಿಂದ ಸೇರಿದ ಮೇಲೂ ಕೆಡಬಹುದು. ಎರಡನೆಯದರ ಬಗ್ಗೆಯೇ ನಾವು ಹೆಚ್ಚು ಬರೆಯಬೇಕಾಗಿದೆ, ಯಾಕೆಂದರೆ ಅದು ಪ್ರೀತಿಯಿಂದಲೇ ಆಗುವ ಕೆಡುಕು.

ಆ ಮಾತು ಹುಟ್ಟಿದ್ದಕ್ಕೆ ಕಾರಣವೂ ಇದೆ. 2021ರ ಏಪ್ರಿಲ್ 21ರಂದು ನಾಸಿಕದ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಟ್ಯಾಂಕ್ ಸೋರಿ 20ಕ್ಕೂ ಹೆಚ್ಚು ರೋಗಿಗಳು ಸತ್ತರು. ಮೇ 2 ಮತ್ತು 3ರ ನಡುವೆ ಚಾಮರಾಜನಗರದಲ್ಲಿ, ಆಮ್ಲಜನಕದ ಕೊರತೆಯಿದ್ದ ಆ ಒಂದೇ ದಿನದಲ್ಲಿ, 24 ಮಂದಿ ತೀರಿಕೊಂಡರು. ಅದೇ ವರ್ಷ ಉಸ್ಮಾನಾಬಾದ ಜಿಲ್ಲೆಯ, ಅಂದರೆ ಈಗಿನ ಧಾರಾಶಿವದ, ಸಕ್ಕರೆ ಕಾರ್ಖಾನೆಯೊಂದು ತನ್ನ ಎಥನಾಲ್ ಘಟಕದಲ್ಲಿ ಆಮ್ಲಜನಕ ತಯಾರಿಸಲು ಮುಂದಾಯಿತು. ಕಬ್ಬು ಅರೆಯುವ ಜಾಗದಲ್ಲಿ ಉಸಿರು ತಯಾರಿಸಬೇಕಾದ ಕಾಲ ಅದು. ಅದನ್ನು ಕಂಡವರು "ಜಾಸ್ತಿ ಕೊಡಿ" ಎಂದು ಅಂಗಲಾಚಿದರೆ ಯಾರು ಬೈದಾರು?

ಆದರೂ ಹೇಳಲೇಬೇಕು. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು ಉರಿಸುವ ಒಲೆಯ ಮುಂದೆ 30 ವರ್ಷ ಕೂತ ತಾಯಂದಿರಿಗೂ ಬೀಡಿ ಸೇದಿದ ಗಂಡಸರಿಗೂ ಬರುವ ದಮ್ಮಿನ ರೋಗವೊಂದಿದೆ. ಡಾಕ್ಟರರು ಚೀಟಿಯಲ್ಲಿ ಸಿ.ಓ.ಪಿ.ಡಿ. ಎಂದು ಬರೆಯುತ್ತಾರೆ. ಈ ರೋಗಿಗಳಲ್ಲಿ ಕೆಲವರಿಗೆ ಆಮ್ಲಜನಕವನ್ನು ಅಳತೆ ಮೀರಿ ಕೊಟ್ಟರೆ, ಹೊರಗೆ ಹೋಗಬೇಕಾದ ಇಂಗಾಲದ ಅನಿಲ ರಕ್ತದಲ್ಲಿ ತುಂಬಿಕೊಳ್ಳುತ್ತದೆ. ರೋಗಿಗೆ ಮಂಪರು ಹತ್ತುತ್ತದೆ. "ಈಗ ಚಲೋ ನಿದ್ದೆ ಬಂತು" ಎಂದು ಮನೆಯವರು ಸಮಾಧಾನಪಡುತ್ತಾರೆ. ಅದು ನಿದ್ದೆಯಲ್ಲ. ಕರೆದರೂ ಸರಿಯಾಗಿ ಎಚ್ಚರವಾಗದಿದ್ದರೆ ಆ ಕ್ಷಣವೇ ಸಿಸ್ಟರನ್ನು ಕೂಗಬೇಕು.

ಆಸ್ಟ್ರೇಲಿಯದ ಟಾಸ್ಮೇನಿಯದಲ್ಲಿ ಅಂಬುಲೆನ್ಸಿನ ಇಂಥ ರೋಗಿಗಳ ಮೇಲೆ ನಡೆದ ಪರೀಕ್ಷೆ 2010ರಲ್ಲಿ ಪ್ರಕಟವಾಯಿತು. ಜೋರಾಗಿ ಆಮ್ಲಜನಕ ಬಿಟ್ಟವರಲ್ಲಿ 100ಕ್ಕೆ 9 ಮಂದಿ ಸತ್ತರು. ಅಳತೆ ನೋಡಿ ಕೊಟ್ಟವರಲ್ಲಿ 4. ಅಳತೆಯೆಂದರೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನ ಅಂಕಿ. ಸಿ.ಓ.ಪಿ.ಡಿ. ರೋಗಿಗೆ 88ರಿಂದ 92 ಸಾಕು. ನ್ಯುಮೋನಿಯದಂಥ ಬೇರೆ ಕಾಯಿಲೆಯವರಿಗೆ 94ರ ಆಸುಪಾಸು ಬೇಕಾಗುತ್ತದೆ. ಪಕ್ಕದ ಹಾಸಿಗೆಯವನಿಗೆ 10 ಲೀಟರ್, ನಮ್ಮಪ್ಪನಿಗೆ ಬರೇ 2 ಎಂದು ಜಗಳ ತೆಗೆಯುವ ಮೊದಲು ಇದನ್ನು ನೆನೆಯಿರಿ. ಹಾಗೆಂದು ಯಾರೂ ತಾವಾಗಿ ಕೀಲಿ ತಿರುಗಿಸಬಾರದು, ಹೆಚ್ಚಿಗೂ ಬೇಡ, ಕಡಿಮೆಗೂ ಬೇಡ. ಆಮ್ಲಜನಕ ಕಡಿಮೆಯಾದರೆ ಸಾವು ಇನ್ನೂ ಬೇಗ.

ದಾರಿಯ ಲೆಕ್ಕ ಬೇರೆಯೇ ಇದೆ. ಬಿ ಟೈಪ್ ಸಿಲಿಂಡರಿನಲ್ಲಿ 1,500 ಲೀಟರ್ ಇರುತ್ತದೆ. ನಿಮಿಷಕ್ಕೆ 2 ಲೀಟರಿನಂತೆ ಬಿಟ್ಟರೆ 12 ಗಂಟೆಗೂ ಮಿಕ್ಕಿ ಬರುತ್ತದೆ. 15 ಲೀಟರಿನಂತೆ ಬಿಟ್ಟರೆ 100 ನಿಮಿಷ, ಅದೂ ಸಿಲಿಂಡರ್ ತುಂಬಿದ್ದರೆ. ಉದಗೀರದಿಂದ ಲಾತೂರಿಗೋ ಬೀದರಿಗೋ, ಉಮರ್ಗಾದಿಂದ ಸೊಲ್ಲಾಪುರಕ್ಕೋ ರಾತ್ರಿ ಹೊರಟವರಿಗೆ, ನಡುವೆ ರೈಲ್ವೆ ಗೇಟೋ ಲಾರಿ ಸಾಲೋ ಸಿಕ್ಕರೆ, 100 ನಿಮಿಷ ದೊಡ್ಡದಲ್ಲ. ಹೊರಡುವ ಮೊದಲೇ ಗಡಿಯಾರದಂಥ ಆ ಮುಳ್ಳನ್ನು ತೋರಿಸಿರೆಂದು ಕೇಳುವುದು ನಮ್ಮ ಹಕ್ಕು.

ಆಕ್ಸಿಮೀಟರನ್ನೂ ಕಣ್ಣುಮುಚ್ಚಿ ನಂಬಬಾರದು. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಹಚ್ಚಿದ್ದರೆ ಅಂಕಿ ತಪ್ಪೀತು. ಕಪ್ಪು ಮೈಬಣ್ಣದವರಲ್ಲಿ ಅದು ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆಂದು ಅಮೆರಿಕದ ವೈದ್ಯರು 2020ರಲ್ಲಿ ಬರೆದರು. ಬಿಸಿಲಲ್ಲಿ ದುಡಿಯುವ ನಮಗಲ್ಲದೆ ಇನ್ಯಾರಿಗೆ ಈ ಮಾತು? ಅಂಕಿ ಚೆನ್ನಾಗಿದ್ದೂ ರೋಗಿ ಏದುಸಿರು ಬಿಡುತ್ತಿದ್ದರೆ ರೋಗಿಯನ್ನೇ ನೋಡಬೇಕು.

ಮನೆಗೆ ಯಂತ್ರ ತರಲು ಸಾಲ ಮಾಡುವವರಿಗೆ ಒಂದು ಮಾತು. ಬರೇ ಏದುಸಿರಿಗೆ ಅದು ಮದ್ದಲ್ಲ. ರೋಗ ಹತೋಟಿಗೆ ಬಂದ ಮೇಲೂ, ಸುಮ್ಮನೆ ಕೂತಾಗಲೂ ಅಂಕಿ 88ಕ್ಕೆ ಏರದವರಿಗೆ ಅದು ಉಪಯೋಗ, ಅದೂ ದಿನಕ್ಕೆ 15 ಗಂಟೆ. ಬ್ರಿಟನ್ನಿನ 1981ರ ಪರೀಕ್ಷೆಯಲ್ಲಿ ಅಷ್ಟು ಹೊತ್ತು ತೆಗೆದುಕೊಂಡವರೇ ಹೆಚ್ಚು ಕಾಲ ಬದುಕಿದ್ದು. ಕರೆಂಟ್ ಹೋದರೆ ಯಂತ್ರ ನಿಲ್ಲುತ್ತದೆ, ಆದ್ದರಿಂದ ಪಕ್ಕದಲ್ಲೊಂದು ಸಿಲಿಂಡರೂ ಬೇಕು. ಬೀಡಿ, ಒಲೆ, ದೀಪ ಅದರ ಹತ್ತಿರ ಸುಳಿಯಕೂಡದು. ಬೀಡಿ ಬಿಡದೆ ಯಂತ್ರ ತರುವುದು ಮನೆಗೆ ಬೆಂಕಿ ತಂದಂತೆ.

2021ರ ನಂತರ ಎಷ್ಟೋ ಆಸ್ಪತ್ರೆಗಳಲ್ಲಿ ಗಾಳಿಯಿಂದ ಆಮ್ಲಜನಕ ತೆಗೆಯುವ ಯಂತ್ರಗಳು ಬಂದವು. ಒಳ್ಳೆಯದು. ಆದರೆ ನಮ್ಮ ಬೇಡಿಕೆ ಅದಕ್ಕಿಂತ ಬಹಳ ಅಗ್ಗದ್ದು. ಪ್ರತಿ ಆರೋಗ್ಯ ಕೇಂದ್ರದಲ್ಲೂ ಪ್ರತಿ ಅಂಬುಲೆನ್ಸಿನಲ್ಲೂ ಕೆಲಸ ಮಾಡುವ ಒಂದು ಆಕ್ಸಿಮೀಟರ್ ಇರಲಿ. ದೊಡ್ಡ ಆಸ್ಪತ್ರೆಗೆ ಕಳಿಸುವ ಚೀಟಿಯಲ್ಲಿ ಎಷ್ಟು ಲೀಟರ್, ಯಾವ ಅಂಕಿಯ ತನಕ ಎಂದು ಬರೆದಿರಲಿ. ಚೀಟಿ ಮರಾಠಿಯಲ್ಲಿದ್ದು ಮುಂದಿನ ಆಸ್ಪತ್ರೆ ಬೀದರಿನದಾದರೂ ಅಂಕಿ ಎಲ್ಲರಿಗೂ ಓದಲು ಬರುತ್ತದೆ. ತೋಟದ ಲೈನ್ ಮನೆಗಳಲ್ಲಿರುವ ಬಂಧುಗಳು ತಮ್ಮ ಎಸ್ಟೇಟ್ ದವಾಖಾನೆಯಲ್ಲೂ ಇದನ್ನೇ ಕೇಳಲಿ. ಈ ಕಡೆಯವರು "ಪೂರ್ತಿ ಬಿಡ್ರಿ" ಎನ್ನುವ ಬದಲು ಡಾಕ್ಟರ್ ಸಾಹೇಬರನ್ನು "ಕಿತೀ ಲೀಟರ? ಕಿತೀ ಟಕ್ಕೆ?" ಎಂದು ಕೇಳಿ, ಉತ್ತರವನ್ನು ಚೀಟಿಯ ಹಿಂದೆ ಬರೆದುಕೊಳ್ಳಲಿ.