ಟ್ರಾಕ್ಟರಿನ ಕೆಂಪು ದೀಪವೂ ಅದರ ಸ್ವಿಚ್ಚೂ

ಟ್ರಾಕ್ಟರನ್ನು ಕೊಳ್ಳುವ ರೈತರು ಅದರ ಅಶ್ವಶಕ್ತಿಯನ್ನೂ ಟೈರುಗಳನ್ನೂ ಚೆನ್ನಾಗಿ ವಿಚಾರಿಸುವುದುಂಟು. ಇಂಜಿನಿನ ಮಗ್ಗುಲಲ್ಲಿ ತಿರುಪಿ ಕೂರಿಸಿರುವ, ಹೆಬ್ಬೆರಳ ಗಾತ್ರದ ಎಣ್ಣೆ ಒತ್ತಡದ ಸ್ವಿಚ್ಚನ್ನು ವಿಚಾರಿಸುವವರು ವಿರಳ. ಇಂಜಿನಿನ ಆಯುಸ್ಸು ಎಷ್ಟೋ ವೇಳೆ ಈ ಅಲ್ಪ ವಸ್ತುವನ್ನು ಅವಲಂಬಿಸಿರುತ್ತದೆ.

ಇದರೊಳಗೆ ತೆಳುವಾದ ಪರದೆಯೊಂದು, ಅದನ್ನು ಎದುರಿನಿಂದ ಒತ್ತುವ ಸ್ಪ್ರಿಂಗು, ವಿದ್ಯುತ್ತು ಹರಿಯುವ ಸಂಪರ್ಕಗಳು, ಇಷ್ಟೇ ಇರುವುದು. ಇಂಜಿನು ನಿಂತಿರುವಾಗ ಸಂಪರ್ಕಗಳು ಕೂಡಿಕೊಂಡಿರುವುದರಿಂದ, ಬೀಗದ ಕೈಯನ್ನು ತಿರುಗಿಸಿದೊಡನೆ ಚಾಲಕನ ಎದುರಿನ ಕೆಂಪು ದೀಪವು ಹತ್ತುವುದು. ಇಂಜಿನು ಓಡತೊಡಗಿ ಎಣ್ಣೆಯ ಒತ್ತಡವು ಸಾಮಾನ್ಯವಾಗಿ ಚದರ ಅಂಗುಲಕ್ಕೆ 5ರಿಂದ 10 ಪೌಂಡನ್ನು ಮೀರಿದೊಡನೆ, ಪರದೆಯು ಸ್ಪ್ರಿಂಗನ್ನು ಹಿಂದಕ್ಕೆ ತಳ್ಳಿ ಸಂಪರ್ಕವನ್ನು ಬಿಡಿಸುವುದು, ದೀಪವು ಆರುವುದು.

ಉಳುತ್ತಿರುವಾಗ ಈ ದೀಪವು ಹತ್ತಿದರೆ, ಹಿಡಿದ ಸಾಲು ಮುಗಿಯಲಿ ಎಂದು ಕಾಯಕೂಡದು. ಒಡನೆಯೇ ಇಂಜಿನನ್ನು ನಿಲ್ಲಿಸತಕ್ಕದ್ದು. ಎಣ್ಣೆ ದೊರೆಯದ ಬೇರಿಂಗುಗಳು ಸ್ವಲ್ಪ ಹೊತ್ತಿನಲ್ಲಿಯೇ ಕೆಟ್ಟು ಕ್ರ್ಯಾಂಕ್ ಷಾಫ್ಟನ್ನೂ ಕೆಡಿಸುವುವು. ಮೊದಲು ಅಳತೆಯ ಕಡ್ಡಿಯಿಂದ ಎಣ್ಣೆಯ ಮಟ್ಟವನ್ನು ನೋಡಬೇಕು. ಅದು ಸರಿಯಾಗಿದ್ದರೆ ಮೆಕ್ಯಾನಿಕ್ಕಿನಿಂದ ಮೀಟರಿಡಿಸಿ ಒತ್ತಡವನ್ನು ಅಳೆಯಿಸಬೇಕು. ಒತ್ತಡವೂ ಸರಿಯಾಗಿದ್ದರೆ ಮಾತ್ರವೇ ಸ್ವಿಚ್ಚನ್ನೋ ತಂತಿಯನ್ನೋ ದೂರಬಹುದು.

ಆದರೆ ದೀಪವು ಹತ್ತುವುದಕ್ಕಿಂತಲೂ ಹತ್ತಬೇಕಾದಾಗ ಹತ್ತದಿರುವುದೇ ಹೆಚ್ಚು ಅಪಾಯಕರ. ತಂತಿಯನ್ನು ಇಲಿ ಕಡಿದರೂ ಬಲ್ಬು ಸುಟ್ಟರೂ ದೀಪವು ಆರಿಯೇ ಇರುವುದು. ಚಾಲಕನು ಎಲ್ಲವೂ ಕ್ಷೇಮವೆಂದು ನಂಬುವನು. ಇನ್ನು ಕೆಲವರು ಸದಾ ಉರಿಯುವ ದೀಪದ ಪೀಡೆ ತಪ್ಪಲೆಂದು ತಂತಿಯನ್ನೇ ಕಳಚಿಬಿಡುತ್ತಾರೆ. ಬೊಗಳುವ ನಾಯಿಯ ಬಾಯಿ ಕಟ್ಟಿ ನಿದ್ದೆ ಮಾಡುವ ಜಾಣತನವಿದು! ಒತ್ತಡವು ಮೆಲ್ಲಮೆಲ್ಲನೆ ಅರ್ಧಕ್ಕೆ ಇಳಿದರೂ ಈ ಸ್ವಿಚ್ಚು ಅದನ್ನು ಸೂಚಿಸಲಾರದು. ತೀರ ಕೆಳಕ್ಕೆ ಬಿದ್ದಾಗ ಮಾತ್ರವೇ ಎಚ್ಚರಿಸುವುದು. ಆ ಒಂದು ಎಚ್ಚರಿಕೆಯನ್ನೂ ಕಳೆದುಕೊಳ್ಳುವುದು ಸರ್ವಥಾ ಯುಕ್ತವಲ್ಲ.

ಬಾಡಿಗೆಗೆ ಯಂತ್ರಗಳನ್ನು ಕೊಡುವ ಕೇಂದ್ರಗಳಲ್ಲಿ ಒಂದೇ ಟ್ರಾಕ್ಟರು ಹಲವರ ಕೈಗೆ ಹೋಗುವುದರಿಂದ, ದೋಷವು ಯಾರ ಕಣ್ಣಿಗೂ ಬೀಳದೆ ಉಳಿಯುವುದು ಸುಲಭ. ಬೀಗದ ಕೈ ತಿರುಗಿಸಿದಾಗ ದೀಪ ಹತ್ತಿತೇ, ಇಂಜಿನು ಹೊರಟ ಮೇಲೆ ಆರಿತೇ ಎಂಬುದನ್ನು ಪ್ರತಿದಿನವೂ ಬೆಳಿಗ್ಗೆ ಪುಸ್ತಕದಲ್ಲಿ ಬರೆಯಿಸುವ ಕಟ್ಟಳೆಯು ಅಲ್ಲಿ ಇರಲೇಬೇಕು. ಇದಕ್ಕೆ ಅರ್ಧ ನಿಮಿಷವೂ ಹಿಡಿಯದು. ಸ್ವಿಚ್ಚನ್ನು ಬದಲಾಯಿಸುವಾಗ ಹಳೆಯದನ್ನು ಅಂಗಡಿಗೆ ಒಯ್ದು, ತಿರುಪಿನ ಮರೆಯನ್ನೂ ಒತ್ತಡದ ಅಂಕೆಯನ್ನೂ ಹೋಲಿಸಿ ನೋಡಿಯೇ ಹೊಸದನ್ನು ತರತಕ್ಕದ್ದು.