ಕೂಟಲೇಖದ ಹೊಸ ರೂಪ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಒಂದು ‘ಕೂಟಲೇಖಕ್ರಿಯೆ’. ಎಂದರೆ ಇಲ್ಲದ್ದನ್ನು ಇದ್ದಂತೆ ತೋರಿಸುವ ಸುಳ್ಳು ಬರಹವನ್ನು ಸೃಷ್ಟಿಸುವುದು. ಅಂದು ಓಲೆಗರಿಯಲ್ಲಿ ನಡೆಯಬಹುದಾಗಿದ್ದ ಈ ವಂಚನೆ ಇಂದು ಗಣಕಯಂತ್ರವು ಹೆಣೆದ ವಿಡಿಯೊಗಳಲ್ಲಿ ನಡೆಯುತ್ತಿದೆ.

2023ರ ನವೆಂಬರಿನಲ್ಲಿ ನಮ್ಮ ಕೊಡಗಿನ ವಿರಾಜಪೇಟೆಯ ನಟಿ ರಶ್ಮಿಕಾ ಮಂದಣ್ಣ ಅವರು ಲಿಫ್ಟ್ ಒಳಗೆ ಬರುವಂತೆ ತೋರುವ ವಿಡಿಯೊ ಒಂದು ದೇಶವೆಲ್ಲ ಹರಿದಾಡಿತು. ದೇಹ ಬೇರೊಬ್ಬ ಮಹಿಳೆಯದು. ಮುಖವನ್ನು ಮಾತ್ರ ಕೃತಕ ಬುದ್ಧಿಮತ್ತೆಯಿಂದ ಜೋಡಿಸಲಾಗಿತ್ತು. ಮೊದಲ ಕ್ಷಣ ಆ ಮಹಿಳೆಯ ನಿಜಮುಖವೇ ಕಂಡು, ಮರುಕ್ಷಣ ಬದಲಾಗುತ್ತಿತ್ತು. ನಿಧಾನಿಸಿ ನೋಡಿದವರಿಗೆ ಮೋಸ ತಿಳಿಯಿತು. ಅವಸರದವರು ಮುಂದಕ್ಕೆ ಕಳುಹಿಸಿದರು. 2024ರ ಜನವರಿಯಲ್ಲಿ ದೆಹಲಿ ಪೊಲೀಸರು ಆಂಧ್ರಪ್ರದೇಶದ ಯುವಕನೊಬ್ಬನನ್ನು ಬಂಧಿಸಿ, ಅಭಿಮಾನಿ ಪುಟಕ್ಕೆ ಹಿಂಬಾಲಕರನ್ನು ಹೆಚ್ಚಿಸಿಕೊಳ್ಳುವುದೇ ಅವನ ಉದ್ದೇಶವಾಗಿತ್ತೆಂದರು. ಆ ಮಾತು ನಿಜವಾದರೆ, ಸ್ತ್ರೀಯೊಬ್ಬರ ಮಾನಕ್ಕೆ ಘಾತ ತಂದದ್ದು ದ್ವೇಷವೂ ಅಲ್ಲ, ಲೋಭಕಷಾಯ.

ಇಂತಹ ಮೋಸವನ್ನು ಅರಿಯುವ ದಾರಿಯೂ ಅದೇ ಗ್ರಂಥದ ಮೊದಲ ಅಧ್ಯಾಯದಲ್ಲಿದೆ. ಮತಿಜ್ಞಾನಕ್ಕೆ ಅವಗ್ರಹ, ಈಹೆ, ಅವಾಯ, ಧಾರಣೆ ಎಂಬ ನಾಲ್ಕು ಮೆಟ್ಟಿಲುಗಳು. ಏನೋ ಕಂಡಿತೆಂಬುದು ಅವಗ್ರಹ, ಇದೇನಿರಬಹುದೆಂಬ ವಿಚಾರ ಈಹೆ, ನಿಶ್ಚಯ ಅವಾಯ, ಅದನ್ನು ಮನಸ್ಸಿನಲ್ಲಿ ನೆಲೆಗೊಳಿಸುವುದು ಧಾರಣೆ. ನಾವೋ ಅವಗ್ರಹದಿಂದ ನೇರವಾಗಿ ಧಾರಣೆಗೆ ಜಿಗಿಯುತ್ತೇವೆ.

ಈಹೆಗೆ ಒಂದು ಉದಾಹರಣೆ ನೋಡೋಣ. ಕಾಫಿ ತೋಟದ ದಾರಿಯಲ್ಲಿ ಸಾಗುವ ವಾಹನದಿಂದ ಚಿತ್ರೀಕರಿಸಿದರೆ ಹತ್ತಿರದ ಗಿಡಗಳು ವೇಗವಾಗಿ ಹಿಂದೆ ಸರಿಯುತ್ತವೆ, ಆಚೆಯ ಸಿಲ್ವರ್ ಓಕ್ ಮರಗಳು ನಿಧಾನವಾಗಿ, ದೂರದ ಬೆಟ್ಟ ನಿಂತಂತೆಯೇ ಇರುತ್ತದೆ. ಯಂತ್ರ ಕಲ್ಪಿಸಿದ ದೃಶ್ಯದಲ್ಲಿ ಈ ಅನುಪಾತ ತಪ್ಪಬಹುದು. ಮರೆಯಾದ ಮರ ಬೇರೆ ರೂಪದಲ್ಲಿ ಹೊರಬರಬಹುದು. ನೆರಳು ಬೆಳಕಿಗೆ ಹೊಂದದಿರಬಹುದು. ಆದರೆ ಯಂತ್ರವೂ ದಿನೇ ದಿನೇ ಪಳಗುತ್ತಿರುವುದರಿಂದ ಕಣ್ಣೊಂದೇ ಪ್ರಮಾಣವಾಗದು. ಚಿತ್ರೀಕರಿಸಿದವರು ಯಾರು, ಎಲ್ಲಿ, ಯಾವಾಗ, ಬೇರೆ ಕೋನದ ದೃಶ್ಯವುಂಟೇ ಎಂದು ಕೇಳಬೇಕು.

ಹಾಗೆಂದು ಎಲ್ಲವನ್ನೂ ಸುಳ್ಳೆನ್ನುವುದೂ ಸಲ್ಲದು. 2018ರ ಆಗಸ್ಟ್ ತಿಂಗಳಲ್ಲಿ ಮಡಿಕೇರಿಯಲ್ಲಿ ಮನೆಯೊಂದು ಇಳಿಜಾರಿಗೆ ಕುಸಿದ ದೃಶ್ಯ ನಂಬಲಸಾಧ್ಯವೆನಿಸಿದರೂ ನಿಜವಾಗಿತ್ತು. ಇಲ್ಲದ್ದನ್ನು ಇದೆಯೆನ್ನುವಂತೆ, ಇರುವುದನ್ನು ಇಲ್ಲವೆನ್ನುವುದೂ ಅಸತ್ಯವೇ. ನೊಂದವರ ನೋವನ್ನು ‘ಕೃತಕ’ವೆಂದು ತಳ್ಳಿಹಾಕಿದರೆ ಅದು ಹಿಂಸೆಯೂ ಆಗುತ್ತದೆ.

ಕರ್ಮಾಸ್ರವವು ಕೃತ, ಕಾರಿತ, ಅನುಮತ ಎಂಬ ಮೂರು ಬಗೆಯಿಂದಲೂ ಆಗುತ್ತದೆ. ‘ನಾನು ಮಾಡಿದ್ದಲ್ಲ, ಬಂದದ್ದನ್ನು ಕಳುಹಿಸಿದೆನಷ್ಟೆ’ ಎಂಬ ಸಮಾಧಾನಕ್ಕೆ ಇಲ್ಲಿ ಎಡೆಯಿಲ್ಲ. ನಿಶ್ಚಯವಾಗದ ದೃಶ್ಯ ಕೈಗೆ ಬಂದಾಗ ಅದನ್ನು ಅಲ್ಲಿಯೇ ನಿಲ್ಲಿಸುವುದು ಇಂದಿನ ಶ್ರಾವಕನ ಸತ್ಯಾಣುವ್ರತ.